ಬೆಳ್ಳಿ ರಾಣಿಗೆ ನಾನು ಮಾಡಿಸಿದ ಅಭ್ಯಂಜನ

ಚಳ್ಳಕೆರೆಯ ಶಾಲೆಯಲ್ಲಿ ಹತ್ತು ವರ್ಷದಿಂದ ಲೆಕ್ಕ ಕಲಿಸುತ್ತಿದ್ದವನು ನಾನು. ಹನ್ನೆರಡು ಬೆಳ್ಳಿ ನಾಣ್ಯಕ್ಕೆ ಬೆಲೆ ಕಟ್ಟುವುದು ನನಗೇನು ಮಹಾ ಕೆಲಸ?

ಮಗಳ ಮದುವೆಗೆ ಎಂಟೇ ದಿನ ಉಳಿದಿತ್ತು. ಧಾರೆ ಸೀರೆ ಮೊಳಕಾಲ್ಮೂರಿನ ನೇಕಾರ ನಾಗಪ್ಪನವರ ಮಗ್ಗದಲ್ಲಿ ಸಿದ್ಧವಾಗಿತ್ತು. ಬೆಲೆ ಹನ್ನೆರಡು ರೂಪಾಯಿ. ನನ್ನ ಹೆಂಡತಿ ಗೌರಮ್ಮನ ಹತ್ತಿರ ಅವಳ ತಾಯಿ ಕೊಟ್ಟಿದ್ದ, ರಾಣಿಯ ತಲೆಯ ಮುದ್ರೆಯಿದ್ದ ಹನ್ನೆರಡು ಬೆಳ್ಳಿ ರೂಪಾಯಿಗಳೂ ಇದ್ದವು. ವರ್ಷವರ್ಷವೂ ಲಕ್ಷ್ಮೀಪೂಜೆಯಲ್ಲಿ ಅರಿಶಿನ ಕುಂಕುಮ ಮೆತ್ತಿಸಿಕೊಂಡು ಕಪ್ಪಗಾಗಿದ್ದವು.

"ಇವನ್ನ ಕೊಟ್ಟು ಸೀರೆ ತರಾನ ನಡೀರಿ," ಎಂದಳು.

"ಹುಚ್ಚಿ! ರಾಣಿ ಕಾಲದ ಬೆಳ್ಳಿ ಅಪ್ಪಟ ಕಣೇ. ಒಂದೊಂದಕ್ಕೆ ಹದಿನೆಂಟಾಣೆ ಬರ್ತೈತೆ. ಸೀರೆ ತಗೊಂಡು ಮೇಲೆ ಒಂದೂವರೆ ರೂಪಾಯಿ ಉಳೀತೈತೆ! ಕೊಳೆ ಮಾತ್ರ ಹೋಗ್ಬೇಕು."

ಮೊದಲು ಹುಣಸೆಹಣ್ಣು ಹಚ್ಚಿದೆ. ಕಪ್ಪು ಜಗ್ಗಲಿಲ್ಲ. ಇಟ್ಟಿಗೆ ಪುಡಿ ಹಾಕಿದೆ. ಸ್ವಲ್ಪ ಬೆಳಗಿತು. ನನಗೆ ಉತ್ಸಾಹ ಬಂತು! ಹೊಳೆಯ ಮರಳು ತರಿಸಿ, ಎರಡು ದಿನ ಶಾಲೆಗೆ ರಜೆ ಹಾಕಿ ಉಜ್ಜಿದೆ. ಕೊನೆಗೆ ಒಳಗೂ ಬೆಳ್ಳಿಯೇ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಹನ್ನೆರಡರ ಅಂಚನ್ನೂ ಅರದಿಂದ ಉಜ್ಜಿ ನೋಡಿದೆ. ಒಳಗೂ ಬೆಳ್ಳಿಯೇ ಇತ್ತು. ಪರೀಕ್ಷಕನಾಗಿ ನನಗೆ ಪರಮ ಸಂತೋಷವಾಯಿತು.

ಗಾಡಿ ಕಟ್ಟಿಸಿಕೊಂಡು ಇಬ್ಬರೂ ಮೊಳಕಾಲ್ಮೂರಿಗೆ ಹೋದೆವು. ನಾಗಪ್ಪನವರು ಒಂದು ನಾಣ್ಯವನ್ನು ಕಲ್ಲಿನ ಮೇಲೆ ಬಡಿದರು. ಠಣ್ ಎಂದಿತು. ನಾನು ಎದೆ ಉಬ್ಬಿಸಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ರಾಣಿಗಾರಿ ಮೊಹಂ ಏದಿ ಸ್ವಾಮೀ? ರಾಣಿ ಮುಖಾನೇ ಇಲ್ವಲ್ಲ! ಕಣ್ಣಿಲ್ಲ, ಮೂಗಿಲ್ಲ! ಇದನ್ನ ನನ್ ಹತ್ರ ಯಾರು ತಗೊಂತಾರೆ? ಚಿನಿವಾರನ ಅಂಗಡಿಗೆ ಹೋಗಿ ಮಾರ್ಕೊಂಡು ಬರ್ರಿ."

ನಾಣ್ಯ ನೋಡಿ ಬೆಲೆ ಹೇಳುವುದೇ ಚಿನಿವಾರನ ಕಸುಬು. ಆತ ತಕ್ಕಡಿ ಎತ್ತಿಕೊಂಡ.

"ಮೇಷ್ಟ್ರೇ, ಮುದ್ರೆ ಇದ್ರೆ ಹದಿನಾರಾಣೆ. ಮುದ್ರೆ ಹೋದ್ರೆ ಬರೀ ಬೆಳ್ಳಿ. ಬೆಳ್ಳಿ ದರ ಬಿದ್ದೈತೆ. ಒಂದಕ್ಕೆ ಒಂಬತ್ತಾಣೆ. ಅಂಚು ಬೇರೆ ಸವೆದೈತೆ. ಎಲ್ಲಾ ಸೇರಿ ಆರೂವರೆ ರೂಪಾಯಿ ಕೊಡ್ತೀನಿ."

"ಕಪ್ಪಿದ್ದಂಗೇ ತಂದಿದ್ರೆ?" ಗೌರಮ್ಮ ಕೇಳಿದಳು.

"ಪೂರಾ ಹದಿನಾರಾಣೆ ಕಣವ್ವ."

ನಾನು ಅಂಗಡಿಯ ತೊಲೆಗಳನ್ನು ಎಣಿಸತೊಡಗಿದೆ. ಐದೂವರೆ ರೂಪಾಯಿ ಕಡಿಮೆ! ಮಗಳು ಧಾರೆಗೆ ಹಳೇ ಸೀರೆ ಉಟ್ಟು ನಿಲ್ಲುವುದು ಕಣ್ಣಿಗೆ ಕಟ್ಟಿತು. ಗೌರಮ್ಮ ಸೊಂಟದ ಬೆಳ್ಳಿ ಡಾಬು ಬಿಚ್ಚಿ ತಕ್ಕಡಿಗೆ ಹಾಕಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇದನ್ನೂ ಉಜ್ಜೀರಾ?" ಚಿನಿವಾರ ಅನುಮಾನದಿಂದ ಕೇಳಿದ.

"ಇಲ್ಲಪ್ಪ, ಇದು ಇವರ ಕೈಗೆ ಸಿಕ್ಕಿಲ್ಲ."

ಸೀರೆ ಬಂತು. ಧಾರೆಯ ದಿನ ಮಗಳು ಅದನ್ನುಟ್ಟು ನಿಂತಾಗ ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಬೀಗಿತ್ತಿ ಗೌರಮ್ಮನ ಬರಿ ಸೊಂಟ ನೋಡಿ, "ಡಾಬು ಎಲ್ಲವ್ವ?" ಎಂದರು.

"ಬೆಳಗಿಕೊಡ್ರಿ ಅಂತ ಇವರಿಗೆ ಕೊಟ್ಟಿದ್ದೆ. ಪೂರ್ತಿ ಸವೆದೋಯ್ತು."

ಸುತ್ತಲಿದ್ದ ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡಿದರು. ಒಬ್ಬರಿಗೂ ಅನುಮಾನ ಬರಲಿಲ್ಲ!