ಭಾವನ ಚೂರಿಗೊಂದು ಹಿಡಿ

ಗುಮಾಸ್ತ ಮೊದಲು ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ತರಕಾರಿ ಹೆಚ್ಚುವ ಚಾಕುವಿನ ಬಗ್ಗೆ. ಅಷ್ಟು ಚಿಕ್ಕ ಸುಳ್ಳಿಗೆ ಇಷ್ಟುದ್ದ ಬಾಲ ಬೆಳೆಯುತ್ತದೆಂದು ಗೊತ್ತಿದ್ದರೆ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದ.

ಆದದ್ದಿಷ್ಟು. ಹೋದ ವಾರ ಹೆಂಡತಿಯ ಅಣ್ಣ ಊಟಕ್ಕೆ ಬಂದಿದ್ದ. ಈ ಭಾವ ಹಳೆಯ ಬೇಟೆಗಾರ. ಎಂದೋ ಬಂಡೆಯಿಂದ ಜಾರಿಬಿದ್ದು ಅವನ ಬಲಗೈ ತೋರುಬೆರಳು ಸೆಟೆದುಹೋಗಿತ್ತು, ಮಡಚಲು ಬರುತ್ತಿರಲಿಲ್ಲ. ನೀರಿನ ಲೋಟ ಹಿಡಿದರೂ ಆ ಬೆರಳು ಎದುರಿಗಿದ್ದವರನ್ನೇ ತೋರಿಸುತ್ತಿತ್ತು. ಎದುರಿಗೆ ಸಾಮಾನ್ಯವಾಗಿ ಗುಮಾಸ್ತನೇ ಇರುತ್ತಿದ್ದ. ಮದುವೆಯಾದ ಹನ್ನೊಂದು ವರ್ಷದಿಂದಲೂ ಭಾವ ಅವನನ್ನು ಕೈಲಾಗದವನೆಂದೇ ತಿಳಿದಿದ್ದ. ಅಂದು ಅಡುಗೆಮನೆಯ ಚಾಕುವಿನ ಹೊಸ ಹಿಡಿಯನ್ನು ಸವರಿ, ಬೆಣ್ಣೆಯ ಹಾಗಿದೆಯಲ್ಲ, ಯಾರು ಮಾಡಿದ್ದು ಎಂದು ಕೇಳಿದ. ಮಾಡಿದ್ದು ಬೀದಿ ಕೊನೆಯ ಬಡಗಿ. ಗುಮಾಸ್ತ ಮಾತ್ರ "ನಾನೇ" ಎಂದುಬಿಟ್ಟ.

"ಪರವಾಗಿಲ್ವೇ, ನಿನ್ನ ಕೈಯಲ್ಲೂ ಏನೋ ಇದೆ," ಎಂದ ಭಾವ. ಹನ್ನೊಂದು ವರ್ಷದಲ್ಲಿ ಅದು ಮೊದಲ ಹೊಗಳಿಕೆ. ಗುಮಾಸ್ತ ವಾರವಿಡೀ ಅದನ್ನೇ ಮೆಲುಕು ಹಾಕಿದ.

ಇವತ್ತು ರಜೆ. ಬೆಳಿಗ್ಗೆಯೇ ಭಾವ ಹಿಡಿ ಮುರಿದ ಬೇಟೆ ಚೂರಿ ತಂದು ಮೇಜಿನ ಮೇಲಿಟ್ಟ. ಎಷ್ಟು ಅಂಗಡಿ ಸುತ್ತಿದರೂ ಈ ಕೈಗೆ ಒಗ್ಗುವ ಹಿಡಿ ಸಿಕ್ಕಿಲ್ಲ, ನೀನೇ ಒಂದು ಮಾಡಿಡು, ಸಂಜೆ ಬರುತ್ತೇನೆ ಎಂದು ಹೇಳಿ ಹೋಗಿಯೇಬಿಟ್ಟ.

ಗುಮಾಸ್ತ ಚೂರಿಯನ್ನು ಪತ್ರಿಕೆಯಲ್ಲಿ ಸುತ್ತಿ, ಕಂಕುಳಲ್ಲಿ ಅವುಚಿಕೊಂಡು ಬಡಗಿಯ ಬಳಿ ಓಡಿದ. ಬಡಗಿ ಮರ ಹೆರೆಯುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಊಟದ ದಿನದ ಮಾತನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡು ಬೀದಿಗೆಲ್ಲ ಹಂಚಿಯಾಗಿತ್ತು.

"ನಾನ್ಯಾಕೆ ಸ್ವಾಮಿ?" ಎಂದ ಬಡಗಿ. "ಹಿಡಿ ಮಾಡೋದು ನಿಮಗೇ ಬರುತ್ತಂತಲ್ಲ."

ಗುಮಾಸ್ತನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ತಪ್ಪಾಯಿತು ಎಂದು ಒಂದು ಮಾತು ಅಂದಿದ್ದರೆ ಕೆಲಸ ಆಗುತ್ತಿತ್ತೋ ಏನೋ. ಅವನು ಚೂರಿಯನ್ನು ಮತ್ತೆ ಕಂಕುಳಿಗೆ ಸೇರಿಸಿದ. ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾದ.

ಹಿತ್ತಿಲಲ್ಲಿ ಮುರಿದ ಕುರ್ಚಿಯ ಕಾಲೊಂದಿತ್ತು. ಮನೆಯಲ್ಲಿ ಒಂದು ಮೊಂಡು ಅರ ಇತ್ತು. ಗೋಡೆಯ ಮೇಲೆ ಮೇಷ್ಟ್ರ ತಲೆಯೂ ಇತ್ತು. ಹಿಡಿಯೊಳಗೆ ಕೂರುವ ಅಲಗಿನ ಬಾಲವನ್ನು ಕೆಂಪಗೆ ಕಾಯಿಸಿ ಮರಕ್ಕೆ ತುರುಕು ಎಂದರು ಮೇಷ್ಟ್ರು. ತುರುಕಿದ. ಹೊಗೆ ಎದ್ದಿತು, ಮರ ಸೀಳಿತು. ಸೀಳಿಗೆ ಮರದ ಪುಡಿ ಕಲಸಿದ ಅಂಟು ತುಂಬು ಎಂದರು. ಸೀಳಿನ ಜೊತೆ ಅವನ ಎರಡು ಬೆರಳೂ ಅಂಟಿಕೊಂಡವು. ಹೆಂಡತಿ ಬಿಸಿನೀರು ಹೊಯ್ದು, ನಗು ತಡೆದುಕೊಂಡು ಬಿಡಿಸಿದಳು. ಇನ್ನು ಗಟ್ಟಿಯಾಗಿ ಉಜ್ಜು ಎಂದರು. ಉಜ್ಜುವಾಗ ಅರ ಜಾರಿ ಹಿಡಿಯ ಬೆನ್ನಿನುದ್ದಕ್ಕೂ ಚರಂಡಿ ತೋಡಿತು. ಸರಿಮಾಡಲು ಹೋದಷ್ಟೂ ಚರಂಡಿ ಆಳವಾಯಿತು. ಸಂಜೆಯ ಹೊತ್ತಿಗೆ ನಾಲ್ಕು ಬೆರಳಿಗೆ ಪಟ್ಟಿ ಬಿದ್ದಿತ್ತು, ಹಿಡಿ ಇಲಿ ಕಡಿದ ಗೆಣಸಿನ ಹಾಗಿತ್ತು. ಇಂಥದ್ದನ್ನು ಕೈಲಾಗದವನೂ ಮಾಡಲಾರ ಎಂದು ಅವನಿಗೇ ನಾಚಿಕೆಯಾಯಿತು.

ಭಾವ ಬಂದ. ತಮಾಷೆ ನೋಡಲು ಹಿಂದೆಯೇ ಮೇಷ್ಟ್ರೂ ಬಂದು ಕುರ್ಚಿ ಎಳೆದುಕೊಂಡರು. ಗುಮಾಸ್ತನ ಬಾಯಿಂದ ಎರಡನೆಯ ಸುಳ್ಳು ತಾನೇ ಜಾರಿತು.

"ನನಗೆ ಬಿಡುವಾಗಲಿಲ್ಲ ಭಾವ. ಬೀದಿ ಕೊನೆಯ ಬಡಗಿಗೆ ಕೊಟ್ಟೆ. ಅವನು ಹೀಗೆ ಹಾಳು ಮಾಡಿಟ್ಟ."

ಹೆಂಡತಿ ಅವನ ಮುಖ ನೋಡಿ ತಲೆ ತಗ್ಗಿಸಿದಳು. ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ. ಮೇಷ್ಟ್ರು ತಮ್ಮ ಸಲಹೆಗಳು ನೆನಪಾಗಿ ಕಿಟಕಿಯಾಚೆ ನೋಡತೊಡಗಿದರು.

ಭಾವ ಚೂರಿ ಹಿಡಿದ. ಮತ್ತೆ ಹಿಡಿದ. ಸೆಟೆದ ತೋರುಬೆರಳು ಆ ಚರಂಡಿಯಲ್ಲಿ ಅಳತೆ ತೆಗೆದಂತೆ ಮಲಗಿತು. ಎಷ್ಟೋ ವರ್ಷಗಳ ಮೇಲೆ ಆ ಬೆರಳು ಯಾರನ್ನೂ ತೋರಿಸುತ್ತಿರಲಿಲ್ಲ.

"ಈ ಬೆರಳಿಗೊಂದು ಜಾಗ ಬೇಕು ಅಂತ ಇಲ್ಲೀವರೆಗೆ ಯಾರಿಗೂ ಹೊಳೀಲಿಲ್ಲ," ಎಂದ ಭಾವ. ಅವನ ಕಣ್ಣು ತುಂಬಿತ್ತು. "ನೋಡೋಕೆ ಹೇಗಾದರೂ ಇರಲಿ, ಆ ಬಡಗಿ ದೊಡ್ಡ ಕೆಲಸಗಾರ."

ಗುಮಾಸ್ತ ಒಂದು ಹೆಜ್ಜೆ ಮುಂದೆ ಬಂದ. "ಭಾವ, ನಿಜ ಹೇಳ್ಬೇಕಂದ್ರೆ ಅದನ್ನ ಮಾಡಿದ್ದು ನಾನೇ."

"ಹಾಳು ಮಾಡಿದ ಅಂತ ಈಗ ತಾನೇ ಅವನನ್ನ ಬೈದೆ. ಹೊಗಳಿದ ಕೂಡಲೇ ನಿಂದಾಯ್ತಾ?"

ಹೆಂಡತಿ ಸಾಕ್ಷಿ ಹೇಳಿದಳು. ಗಂಡನ ಪರ ಹೆಂಡತಿ ಇನ್ನೇನು ಹೇಳಿಯಾಳು ಎಂದು ಭಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಷ್ಟ್ರು ಕಿಟಕಿಯಿಂದ ಥಟ್ಟನೆ ತಿರುಗಿ, ಸಲಹೆಯೆಲ್ಲ ತಮ್ಮದೇ ಎಂದರು. ಮಾಡಿದ ಕೈ ಯಾರದೆಂದು ಕೇಳಿದರೆ, ಅದನ್ನು ಅಷ್ಟಾಗಿ ಗಮನಿಸಲಿಲ್ಲವಂತೆ.

ಬಡಗಿಯನ್ನೇ ಕೇಳೋಣ ಎಂದು ಭಾವ ಎಲ್ಲರನ್ನೂ ಹೊರಡಿಸಿದ.

ಬಡಗಿ ಚೂರಿಯನ್ನು ತಿರುತಿರುಗಿಸಿ ನೋಡಿದ. ಸೀಳು ನೋಡಿದ, ಅಂಟು ನೋಡಿದ, ಚರಂಡಿ ನೋಡಿದ. ಆಮೇಲೆ ಗುಮಾಸ್ತನ ಬೆರಳಿನ ಪಟ್ಟಿಗಳನ್ನು ನೋಡಿದ. ನಿಜ ಹೇಳಿಬಿಡು ಎಂದು ಗುಮಾಸ್ತ ಕಣ್ಣಲ್ಲೇ ಬೇಡಿಕೊಂಡ.

"ನಂದೇ," ಎಂದ ಬಡಗಿ. "ಆತುರದಲ್ಲಿ ಸ್ವಲ್ಪ ಒರಟಾಯ್ತು."

ಹಾಗಾದರೆ ಆ ತರಕಾರಿ ಚಾಕುವಿನ ಹಿಡಿಯೂ ನಿನ್ನದೇ ಇರಬೇಕು ಎಂದ ಭಾವ.

"ಛೆ, ಅದು ಅವರದ್ದೇ. ಬೀದಿಗೆಲ್ಲ ಗೊತ್ತು," ಎಂದ ಬಡಗಿ. "ಒಬ್ಬರ ಕೆಲಸನ ಇನ್ನೊಬ್ಬರು ನಂದು ಅನ್ನೋಕಾಗುತ್ತಾ ಸ್ವಾಮಿ?"

ಗುಮಾಸ್ತ ನೆಲ ನೋಡಿದ. ಹುಟ್ಟಿದಾಗಿನಿಂದ ತನ್ನ ಕೈಯಿಂದ ನೆಟ್ಟಗೆ ಆದ ಕೆಲಸ ಆ ಬೇಟೆ ಚೂರಿಯ ಹಿಡಿಯೊಂದೇ, ಅದನ್ನು ತಾನೇ ಬಡಗಿಗೆ ಕೊಟ್ಟುಬಿಟ್ಟಿದ್ದ. ಭಾವ ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮುಂದಿನ ಬೇಟೆಗೆ ನೀನೂ ಬರಬೇಕೆಂದು ಬಡಗಿಯ ಹೆಗಲ ಮೇಲೆ ಕೈಹಾಕಿದ.

"ನೀನು ತರಕಾರಿ ಚಾಕುವಿಗೇ ಸರಿ ಬಿಡು," ಎಂದು ಗುಮಾಸ್ತನತ್ತ ತಿರುಗಿದ. ಚೂರಿ ಬಿಟ್ಟ ಬೆರಳು ಮತ್ತೆ ನೆಟ್ಟಗೆ ಅವನನ್ನೇ ತೋರಿಸುತ್ತಿತ್ತು.