ಪೋರ್ಷನ್ ಮುಗಿಸಿದ ಶನಿವಾರ

ದಿನಕ್ಕೆ ನಲವತ್ತೇ ನಿಮಿಷದಲ್ಲಿ ಒಬ್ಬ ಮನುಷ್ಯ ಏನೇನು ತಾನೇ ಮಾಡಿಯಾನು ಹೇಳಿ! ನನ್ನ ಹೆಂಡತಿ ನರ್ಸು. ಬೆಳಗ್ಗೆ ಏಳಕ್ಕೆ ಅವಳು ಡ್ಯೂಟಿಗೆ ಹೊರಟ ಮೇಲೆ ಪಾತ್ರೆ ತೊಳೆದು, ನಾನು ಶಾಲೆಗೆ ಹೊರಡುವ ಮುಂಚೆ ಉಳಿಯುವುದು ಅಷ್ಟೇ ಹೊತ್ತು. ಅಷ್ಟರಲ್ಲೇ ಸೈಕಲ್ಲೂ ತುಳಿಯಬೇಕು, ಭಾರವನ್ನೂ ಎತ್ತಬೇಕು.

ಇದಕ್ಕೆಲ್ಲ ಕಾರಣ ನನ್ನ ಭಾವಮೈದ. ಅರ್ಧ ನಡುಮನೆ ನುಂಗಿ ನಿಂತಿದ್ದ ನನ್ನ ಹೊಸ ಸೈಕಲ್ ನೋಡಿ, "ಭಾವ, ಈ ತಿಂಗಳ ಕೊನೇ ಭಾನುವಾರ ಇದರಲ್ಲಿ ನೀವು, ನನ್ನ ಸೈಕಲ್ಲಲ್ಲಿ ನಾನು ಟ್ಯಾಂಕಿನ ಗುಡ್ಡ ಹತ್ತೋಣ. ನೀವು ಗೆದ್ರೆ ಸೈಕಲ್ ಇಲ್ಲೇ ಇರ್ಲಿ. ಸೋತ್ರೆ ನಾನು ತಗೊಂಡು ಹೋಗ್ತೀನಿ" ಅಂದ.

"ಆಯ್ತು" ಎಂದು ನನಗಿಂತ ಮೊದಲು ಒಪ್ಪಿದವಳು ಹೆಂಡತಿ. (ಅವಳಿಗೆ ಬೇಕಾಗಿದ್ದುದು ನಡುಮನೆ.) ಎರಡು ವರ್ಷ ಆಸೆಪಟ್ಟು ಕೊಂಡ ಸೈಕಲ್ಲು, ಬಿಟ್ಟುಕೊಡುವುದುಂಟೇ?

ಗುಡ್ಡ ಹತ್ತಲು ತೊಡೆಗೆ ಬಲ ಬೇಕು, ಭಾರ ಎತ್ತಿ ಎಂದ ನಮ್ಮ ಬೀದಿಯ ಜಿಮ್ಮಿನವನು. ಹನ್ನೊಂದು ವರ್ಷದಿಂದ ಇಡೀ ಶಾಲೆಗೆ ಟೈಮ್‌ಟೇಬಲ್ ಬರೆಯುತ್ತಿರುವ ಏಕಮೇವಾದ್ವಿತೀಯ ಗಣಿತದ ಮೇಷ್ಟ್ರು ನಾನು. ಸೋಮ, ಬುಧ, ಶುಕ್ರ ಸೈಕಲ್. ಮಂಗಳ, ಗುರು ಭಾರ. ಶನಿವಾರ ವಿಶ್ರಾಂತಿ ಎಂದು ಬರೆದು ಗೋಡೆಗೆ ಅಂಟಿಸಿದೆ.

ಮಂಗಳವಾರ ಭಾರ ಹೊತ್ತು ಬಸ್ಕಿ ಹೊಡೆದರೆ ಬುಧವಾರ ಪೆಡಲು ಕದಲದು. ಬುಧವಾರ ತುಳಿದರೆ ಗುರುವಾರ ಬಸ್ಕಿಗೆ ಕೂತವನು ಏಳಲಾರೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗಿ, ನಡುವೆ ಸತ್ತದ್ದು ನನ್ನ ತೊಡೆ. ಹೀಗಾಗಿ ಭಾರದ ಪೀರಿಯಡ್ಡುಗಳನ್ನು ಮುಂದೂಡುತ್ತಲೇ ಬಂದೆ. ಪಂದ್ಯದ ಹಿಂದಿನ ದಿನ ನೋಡಿದರೆ ಆರು ಪೀರಿಯಡ್ ಬಾಕಿ! ಪರೀಕ್ಷೆಗೆ ಮುಂಚೆ ಪೋರ್ಷನ್ ಮುಗಿಸದ ಮೇಷ್ಟ್ರು ಎಂಬ ಕೆಟ್ಟ ಹೆಸರು ಈವರೆಗೆ ನನಗೆ ಬಂದಿಲ್ಲ. ಆರನ್ನೂ ಆ ಶನಿವಾರವೇ ಮುಗಿಸಿದೆ.

ಭಾನುವಾರ ಬೆಳಗ್ಗೆ ಎದ್ದೆ ಎನ್ನಲಾರೆ, ಎಚ್ಚರವಾಯಿತು.

"ಅಯ್ಯೋ, ನನ್ನ ಕಾಲು ಹೋಯ್ತು ಕಣೇ!"

ಹೆಂಡತಿ ಬಂದು ತೊಡೆ ಒತ್ತಿದಳು. ನಾನು ಕಿರುಚಿದೆ. "ಎಲ್ಲೂ ಹೋಗಿಲ್ಲ, ಇಲ್ಲೇ ಇದೆ. ಇನ್ನೆರಡು ದಿನ ಮಲಗಿರಿ" ಎಂದಳು.

ಅಷ್ಟರಲ್ಲಿ ಬಾಗಿಲಲ್ಲಿ ಭಾವಮೈದ. "ಹಾಗಾದ್ರೆ ಸೈಕಲ್ ತಗೊಂಡು ಹೊರಡ್ಲಾ ಭಾವ?"

ನನಗೆ ಅಳುವೇ ಬಂತು. ದಿಂಬಿನ ಕಡೆ ಮುಖ ತಿರುಗಿಸಿದೆ. ಹೆಂಡತಿಗೆ ಏನನ್ನಿಸಿತೋ, "ಇರೋ, ಇವರ ಬದಲು ನಾನು ಬರ್ತೀನಿ" ಎಂದಳು.

"ನೀನಾ ಅಕ್ಕ? ಸೈಕಲ್ ಮುಟ್ಟಿ ಎಷ್ಟು ವರ್ಷ ಆಯ್ತು!"

"ನಿನ್ನನ್ನ ಹಿಂದೆ ಕೂರಿಸ್ಕೊಂಡು ದಿನಾ ಸ್ಕೂಲಿಗೆ ಬಿಡ್ತಿದ್ದೋಳು ಯಾರೋ? ನಡಿ ನಡಿ."

ಮುಕ್ಕಾಲು ಗಂಟೆ ಕಂಡಕಂಡ ದೇವರಿಗೆಲ್ಲ ಮೊರೆಯಿಟ್ಟೆ. ಕೊನೆಗೆ ಮೆಟ್ಟಿಲ ಮೇಲೆ ಸದ್ದಾಯಿತು. ಮುಂದೆ ಹೆಂಡತಿ, ಹೆಗಲ ಮೇಲೆ ಸೈಕಲ್. ಹಿಂದೆ ಏದುಸಿರು ಬಿಡುತ್ತಾ ಅವಳ ತಮ್ಮ.

"ಸೋತೆ ಭಾವ. ದಿನವಿಡೀ ವಾರ್ಡು ಸುತ್ತೋ ಕಾಲು ಅದು, ನನ್ನ ಕೈಲಾಗಲ್ಲ."

"ಗೆದ್ದುಬಿಟ್ಯಾ! ಅಬ್ಬಾ, ನನ್ನ ಸೈಕಲ್ ಉಳೀತು!" ಎಂದು ಎದ್ದು ಕೂರಲು ಹೋಗಿ, ಆಗದೆ, ಮಲಗಿಕೊಂಡೇ ಚಪ್ಪಾಳೆ ತಟ್ಟಿದೆ.

ಹೆಂಡತಿ ಸೈಕಲ್ಲನ್ನು ಗೋಡೆಗೆ ಒರಗಿಸಿ ಪ್ರೀತಿಯಿಂದ ಒಮ್ಮೆ ಸವರಿದಳು.

"ಸೀಟು ನನ್ನ ಎತ್ತರಕ್ಕೆ ಇಳಿಸಿದೀನಿ. ನಾಳೆಯಿಂದ ಡ್ಯೂಟಿಗೆ ಇದರಲ್ಲೇ ಹೋಗ್ತೀನಿ. ನೀವು ಮತ್ತೆ ಮೇಲೆತ್ತೋಕೆ ಹೋಗ್ಬೇಡಿ."