ಬಾಗಿಲು ಮುಚ್ಚಿ ಕೂತವನ ಏಕಾಗ್ರತೆ

ನನಗೆ ಏಕಾಗ್ರತೆ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಇದೆ, ಬೇಕಾದಷ್ಟಿದೆ. ಆದರೆ ಅದು ಮಾಡಬೇಕಾದ ಕೆಲಸವನ್ನು ಬಿಟ್ಟು ಪಕ್ಕದ ಕೆಲಸದ ಮೇಲೆ ಹೋಗಿ ಕೂರುತ್ತದೆ. ಜನರಿಗೆ ಮನೆಯ ನಕ್ಷೆ ಬರೆದುಕೊಡುವುದು ನನ್ನ ಕಸುಬು. ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕುಳಿತು ಒಂದು ಗೋಡೆ ಎಳೆಯುವಷ್ಟರಲ್ಲಿ ಫ್ಯಾನಿನ ರೆಕ್ಕೆಯ ಮೇಲಿನ ಧೂಳು ಕಣ್ಣಿಗೆ ಬೀಳುತ್ತದೆ. ಸ್ಟೂಲು ಹತ್ತಿ ಒರೆಸುವಾಗ ಗೋಡೆಯ ಮಾಡದಲ್ಲಿ ಮುರಿದ ಛತ್ರಿ ಕಾಣುತ್ತದೆ. ಛತ್ರಿಯ ಕಡ್ಡಿ ಸರಿಮಾಡುತ್ತಿದ್ದಾಗ ಸ್ಟೇಷನ್ನಿನ ಕಡೆಯಿಂದ ಗಾಡಿ ಕೂಗುತ್ತದೆ. ಅದು ಯಾವ ಗಾಡಿ, ಇಷ್ಟು ತಡವಾಗಿ ಯಾಕೆ ಬಂತು ಎಂದು ನೋಡಲು ಮೊಬೈಲು ತೆಗೆಯುತ್ತೇನೆ. ಮೊಬೈಲು ಕೈಗೆ ಬಂದ ಮೇಲೆ ನಡೆಯುವುದು ನಿಮಗೂ ಗೊತ್ತಿದೆ. ನಮ್ಮ ವಾಡಿ ಜಂಕ್ಷನ್ನಿನಲ್ಲಿ ಗಾಡಿಗಳಿಗೇನು ಬರವಿಲ್ಲ.

ಮೊದಲು ಶಹಾಬಾದಿನ ಒಬ್ಬ ಗುತ್ತಿಗೆದಾರರ ಆಫೀಸಿನಲ್ಲಿದ್ದೆ. ಅಲ್ಲಿ ಕೆಲಸ ಸಾಗದಿದ್ದರೆ ಎದುರು ಕುರ್ಚಿಯವನ ಹರಟೆ ಕಾರಣ ಎಂದು ಧಾರಾಳವಾಗಿ ಹೇಳಬಹುದಿತ್ತು. ಸ್ವಂತ ಕೆಲಸ ಶುರುಮಾಡಿ ಮನೆಯಲ್ಲಿ ಕುಳಿತ ಮೇಲೆ ಆ ಅನುಕೂಲ ತಪ್ಪಿಹೋಯಿತು. ಹೆಂಡತಿ ವಸುಧಾ ಚಿತ್ತಾಪುರದ ಶಾಲೆಯಲ್ಲಿ ಟೀಚರು, ಬೆಳಿಗ್ಗೆಯೇ ಹೊರಡುತ್ತಾಳೆ. ಮನೆಯಲ್ಲಿ ಉಳಿಯುವವರು ನಾನು ಮತ್ತು ನನ್ನ ತಾಯಿ. ತಾಯಿಯ ಮೇಲೆ ತಪ್ಪು ಹೊರಿಸುವ ಧೈರ್ಯ ನನಗಿಲ್ಲ.

ಹೀಗಿದ್ದಾಗ ರಾವೂರಿನ ಸುಜಾತಾ ಅವರ ಮನೆಯ ನಕ್ಷೆ ಒಪ್ಪಿಕೊಂಡೆ. ಆಕೆ ಪ್ರಾಥಮಿಕ ಶಾಲೆಯ ಟೀಚರು, ಗಂಡ ಗೌತಮ ಕಲ್ಲಿನ ಗಣಿಯಲ್ಲಿ ಲಾರಿ ಓಡಿಸುತ್ತಾನೆ. ಮೊದಲ ದಿನ ಮಾತೆಲ್ಲ ಅವನದೇ. ದೊಡ್ಡ ಹಾಲ್ ಬೇಕು, ನೆಂಟರು ಬಂದರೆ ಇಕ್ಕಟ್ಟಾಗಬಾರದು, ಬುದ್ಧನ ಮೂರ್ತಿಗೆ ಒಂದು ಜಾಗ ಬೇಕು. ನಾನು ಏನು ಕೇಳಿದರೂ ಆಕೆ, "ಹ್ಞೂಂ ಸರ್, ಹಂಗೇ ಇರ್ಲಿ" ಎಂದರು. ನಾನು ನಾಳೆ ಕೊಡುತ್ತೇನೆಂದೆ. ಆ ನಾಳೆಯನ್ನು ಎಷ್ಟು ಸಲ ಹೇಳಿದೆನೋ, ಕೊನೆಗೆ ಗೌತಮ ಫೋನು ಮಾಡಿ ಬಹಳ ವಿನಯದಿಂದ, "ಸರ್, ನಿಮ್ಮ ನಾಳಿ ಯಾವಾಗ ಬರ್ತದ್ರಿ? ಈ ವಾರ ಪಾಯಾ ತೋಡ್ಲಿಲ್ಲಂದ್ರ ಗೌಂಡಿ ಸೇಡಂ ಕೆಲಸಕ್ಕ ಹೋಗ್ತೀನಂತಾನ್ರಿ" ಎಂದ. ಗೋಡೆ ಕಟ್ಟುವ ಒಳ್ಳೆಯ ಗೌಂಡಿ ಕೈತಪ್ಪಿದರೆ ಮುಂದಿನ ಬೇಸಿಗೆಯವರೆಗೆ ಕಾಯುವುದೇ ಗತಿ. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಜನ ಕೆಲಸ ಮಾಡುತ್ತಾರೆ. ನಾನು ಏಕಾಗ್ರತೆ ಬೆಳೆಸಿಕೊಳ್ಳುವುದು ಹೇಗೆ ಎಂಬ ವಿಡಿಯೋ ನೋಡಿದೆ.

ಅದರಲ್ಲಿ ಒಬ್ಬ ತರುಣ, ಮುಖದಲ್ಲಿ ಒಂದೂ ಗೆರೆಯಿಲ್ಲದವನು, ಜೀವನದ ಗುಟ್ಟು ಹೇಳುತ್ತಿದ್ದ. ದಿನವೂ ಒಂದೇ ಹೊತ್ತಿಗೆ ಕೂರಬೇಕು, ಬಾಗಿಲು ಹಾಕಬೇಕು, ಮೊಬೈಲು ಬೇರೆ ಕೋಣೆಯಲ್ಲಿರಬೇಕು, ಎರಡು ತಾಸು ಯಾರ ಮುಖವನ್ನೂ ನೋಡಬಾರದು. ರಾತ್ರಿ ಊಟದ ಹೊತ್ತಿಗೆ ವಸುಧಾಗೆ ಎಲ್ಲವನ್ನೂ ವಿವರಿಸಿದೆ. "ಇಷ್ಟು ಹೇಳ್ಲಿಕ್ಕ ಅಂವಗ ಎಷ್ಟೊತ್ತು ಬೇಕಾತು?" ಎಂದಳು. ಅವನ ಹಳೆಯ ವಿಡಿಯೋಗಳನ್ನೂ ಸೇರಿಸಿ ಮಧ್ಯಾಹ್ನವೆಲ್ಲ ಹಿಡಿಯಿತು ಎಂದೆ. "ಅಷ್ಟರಾಗ ಸುಜಾತಾ ಅವರ ಅಡಗಿಮನಿ ಮುಗೀತಿತ್ತು" ಎಂದು ರೊಟ್ಟಿ ಬಡಿಸಿದಳು.

ಮರುದಿನ ಹತ್ತಕ್ಕೆ ಬಾಗಿಲು ಹಾಕಿಕೊಂಡೆ. ಯಾರನ್ನೂ ಒಳಗೆ ಬಿಡದಿರುವ ಹೊಣೆ ಅಮ್ಮನದು. ಅವಳು ನನ್ನ ಕೋಣೆಯ ಹೊರಗಿನ ಪಡಸಾಲೆಯಲ್ಲಿ ತೊಗರಿಬೇಳೆಯ ಮೊರ ಹಿಡಿದು ಕುಳಿತಳು. ಅಮ್ಮ ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ. ಬಂದವರನ್ನು ತಡೆದಳು, ಕೂರಿಸಿದಳು, ಯಾಕೆ ತಡೆದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಪಕ್ಕದ ಮನೆಯ ಫಾತಿಮಾಬಿ ಕರಿಬೇವಿಗೆ ಬಂದು, "ಭಯ್ಯಾ ಕಾಣವಲ್ಲ. ತಬಿಯತ್ ಬರೋಬರ್ ಅದ ಇಲ್ಲೋ?" ಎಂದು ಕೇಳಿದರು.

"ಮೈಯಾಗ ಏನೂ ಇಲ್ಲವಾ. ತಲಿ ಒಂದು ಕಡಿ ನಿಲ್ಲಂಗಿಲ್ಲಂತ. ಅದಕ್ಕ ಕದಾ ಹಾಕ್ಕೊಂಡು ಕೂತಾನ."

"ಯಾವಾಗಿಂದ?"

"ಸಣ್ಣಂವಿದ್ದಾಗಿಂದ ಹಂಗೇ ಅದ. ಈಗ ಅಂವಗ ತಿಳದದ."

ಸಂಜೆಯ ಹೊತ್ತಿಗೆ ನನಗೆ ತಲೆಯ ರೋಗವೆಂದು ಓಣಿಯಲ್ಲೆಲ್ಲ ಸುದ್ದಿಯಾಯಿತು. ಮರುದಿನ ಫಾತಿಮಾಬಿ ಬಾದಾಮಿ ಹಾಲು ತಂದರು, ರೈಲ್ವೆ ಕ್ವಾರ್ಟರ್ಸಿನವರೊಬ್ಬರು ಕಲಬುರಗಿಯ ಡಾಕ್ಟರರ ವಿಳಾಸ ತಂದರು. ತಪ್ಪು ತಿಳಿವಳಿಕೆ ಸರಿಪಡಿಸಲು ಹೊರಗೆ ಬಂದೆ. ಸರಿಪಡಿಸಿ, ಬಾದಾಮಿ ಹಾಲು ಕುಡಿದು ಮುಗಿಸುವಾಗ ಆ ದಿನದ ಏಕಾಗ್ರತೆಯ ಅವಧಿಯೂ ಮುಗಿದಿತ್ತು. ಇನ್ನು ಯಾರು ಬಂದರೂ ನಾನು ಉಸಿರೆತ್ತುವುದಿಲ್ಲ ಎಂದು ನಿಶ್ಚಯಿಸಿದೆ.

ಅದರ ಮರುದಿನವೇ ಸುಜಾತಾ ಬಂದರು. ನಾನು ಅವರ ಹಾಲ್‌ನ ಮೂಲೆಯಲ್ಲಿ ಸೋಫಾ ಹಿಡಿಯುತ್ತದೋ ಇಲ್ಲವೋ ಎಂದು ನೋಡುತ್ತಿದ್ದೆ. ಹೊರಗೆ ಅಮ್ಮ, "ಬಾರವಾ, ಕುಂದರು. ಅಂವ ಎರಡು ತಾಸು ಹೊರಗ ಬರಂಗಿಲ್ಲ. ನಿಮ್ಮ ಮನೀದೇ ಮಾಡ್ಲಿಕತ್ತಾನ" ಎಂದಳು. ಸ್ವಲ್ಪ ಹೊತ್ತು ಬೇಳೆಯ ಸದ್ದು. ಆಮೇಲೆ ಸುಜಾತಾ ಸಣ್ಣ ದನಿಯಲ್ಲಿ, "ಎರಡು ತಾಸು ಯಾರೂ ಕರೆಯಂಗಿಲ್ಲಂದ್ರ ಭಾಳ ಛಲೋ ಅದರಿ ಅಮ್ಮಾ" ಎಂದರು.

"ನಿಂಗೇನು ಅಂಥಾ ಕೆಲಸ?"

"ಹೈಸ್ಕೂಲ್ ಟೀಚರ್ ಪರೀಕ್ಷಾಕ್ಕ ಓದ್ಲಿಕತ್ತೀನ್ರಿ. ಮನ್ಯಾಗ ಅತ್ತಿ, ಮಾವ, ಮೈದುನರು, ಮಕ್ಕಳು. ಎಲ್ಲಿ ಕೂತ್ರೂ ಯಾರರ ಕರೀತಾರ. ಬಚ್ಚಲ ಕಟ್ಟಿ ಮ್ಯಾಲ ಕೂತು ಓದ್ತೀನ್ರಿ. ಅಲ್ಲಿಗೂ ಬಂದು ಸಾಬೂನು ಎಲ್ಲದ ಅಂತ ಕೇಳ್ತಾರ."

ಅಮ್ಮ ನಗಲಿಲ್ಲ. "ಹೊಸ ಮನ್ಯಾಗ ಒಂದು ಖೋಲಿ ಮಾಡ್ಕೋ ಮತ್ತ" ಎಂದಳು.

"ಸಣ್ಣದೊಂದು ಇದ್ರ ಸಾಕಿತ್ರಿ. ಆದ್ರ ಅವ್ರಿಗೆ ಹಾಲ್ ದೊಡ್ಡದು ಬೇಕು. ಸರ್ ಮುಂದ ಹೇಳಬೇಕಂತೇ ಬಂದೆ. ಬಾಗಲ ತನಕ ಬಂದ ಮ್ಯಾಲ ಬಾಯಿ ಬರವಲ್ದು."

ನಿಮಗೆ ಹೇಳಬೇಕೆಂದರೆ, ಇಷ್ಟು ವರ್ಷಗಳಲ್ಲಿ ಯಾವ ಮಾತನ್ನೂ ನಾನು ಅಷ್ಟು ಗಮನವಿಟ್ಟು ಕೇಳಿರಲಿಲ್ಲ. ಕುರ್ಚಿಯನ್ನೂ ಅಲುಗಿಸಿರಲಿಲ್ಲ. ನನ್ನೆದುರು ಕುಳಿತು ಎಲ್ಲದಕ್ಕೂ ಹ್ಞೂಂ ಎಂದಿದ್ದ ಈ ಹೆಣ್ಣುಮಗಳನ್ನು ನಾನು ಒಂದು ಸಲವೂ, ನಿಮಗೇನು ಬೇಕು ಎಂದು ಬಿಡಿಸಿ ಕೇಳಿರಲಿಲ್ಲ. ಹಾಲ್‌ನ ಮೂಡಣ ಮಗ್ಗುಲನ್ನು ಕತ್ತರಿಸಿದೆ. ಅಲ್ಲಿ ಓದಲು ಒಂದು ಸಣ್ಣ ಕೋಣೆ ಬರೆದೆ. ಕಿಟಕಿ ಇಟ್ಟೆ, ಪುಸ್ತಕಕ್ಕೆ ಗೋಡೆಯಲ್ಲೇ ಅಲಮಾರು ಮಾಡಿದೆ. ಬಾಗಿಲನ್ನು ಅಡಿಗೆಮನೆಯಿಂದಲೂ ಬಚ್ಚಲಿನಿಂದಲೂ ದೂರಕ್ಕೆ ಒಯ್ದೆ. ಅದಕ್ಕಾಗಿ ಮೆಟ್ಟಿಲು ಜರುಗಿಸಬೇಕಾಯಿತು, ಮೆಟ್ಟಿಲು ಜರುಗಿದ್ದರಿಂದ ಬುದ್ಧನ ಮೂರ್ತಿಗೆಂದು ಗೌತಮ ಕೇಳಿದ್ದ ಜಾಗಕ್ಕೂ ಒಳ್ಳೆಯ ಬೆಳಕು ಬಂತು. ಅಮ್ಮ ಬಾಗಿಲು ಬಡಿದು, "ಊಟಾ ಮಾಡ್ತಿಯೋ ಇಲ್ಲೋ, ಹೊತ್ತು ಇಳೀಲಿಕ್ಕ ಬಂತು" ಎಂದಾಗ ನಕ್ಷೆ ಮುಗಿದಿತ್ತು. ಸುಜಾತಾ ಯಾವಾಗ ಹೋದರೆಂಬುದು ಗೊತ್ತೇ ಆಗಿರಲಿಲ್ಲ.

ಮರುದಿನ ಗಂಡಹೆಂಡತಿ ಇಬ್ಬರೂ ಬಂದರು. ಗೌತಮ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಹಾಲ್ ಸಣ್ಣದಾಗ್ಯಾದಲ್ರಿ ಸರ್. ಇದೇನು ಖೋಲಿ?" ಎಂದ. ನಾನು ಗಾಳಿ, ಬೆಳಕು ಎಂದು ಏನೋ ಶಾಸ್ತ್ರ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಸುಜಾತಾ ನೆಲ ನೋಡುತ್ತಲೇ, "ಆ ಖೋಲಿ ನಂದು. ಓದ್ಲಿಕ್ಕ" ಎಂದರು. ಹೊರಗೆ ಒಂದು ಗೂಡ್ಸ್ ಗಾಡಿ ಹೋಗುತ್ತಾ ಹೋಗುತ್ತಾ ಮುಗಿಯದಾಯಿತು. ಗೌತಮ ಹಾಳೆಯ ಮೇಲೆ ಬೆರಳಿಟ್ಟು ಕೇಳಿದ, "ಕಿಡಕಿ ಇನ್ನೊಂದೀಟು ದೊಡ್ಡದು ಮಾಡ್ಲಿಕ್ಕ ಬರ್ತದೇನ್ರಿ? ಓದೋರಿಗೆ ಬೆಳಕು ಬೇಕಲ್ರಿ." ಸುಜಾತಾ ಆಗ ತಲೆಯೆತ್ತಿದರು. ಕಿಟಕಿ ದೊಡ್ಡದಾಯಿತು, ಆ ವಾರವೇ ಪಾಯವೂ ಬಿತ್ತು.

ನಾನಂತೂ ದಿನಚರಿ ಬಿಟ್ಟಿಲ್ಲ. ಹತ್ತಕ್ಕೆ ಬಾಗಿಲು ಹಾಕುತ್ತೇನೆ. ನಕ್ಷೆಗೆ ಬಂದವರು ಅಮ್ಮನ ಹತ್ತಿರ ಕುಳಿತು ಮನಸ್ಸಿನಲ್ಲಿರುವ ಮನೆಯನ್ನು ಹೇಳುತ್ತಾರೆ, ನಾನು ಒಳಗೆ ಅದನ್ನೇ ಬರೆಯುತ್ತೇನೆ. ಸರ್‌ಗೆ ಹೇಳದೆಯೇ ಎಲ್ಲ ತಿಳಿಯುತ್ತದೆ, ಅಂಥ ಏಕಾಗ್ರತೆ ಅವರದು ಎಂಬ ಹೆಸರು ಶಹಾಬಾದಿನವರೆಗೂ ಹೋಗಿದೆ. ನಾನು ಅಲ್ಲಗಳೆಯಲು ಹೋಗಿಲ್ಲ. ಆದರೆ ಮೊನ್ನೆ ಭಾನುವಾರ ವಸುಧಾಗೆ ಏನೋ ಅನುಮಾನ ಬಂದಿರಬೇಕು. ನಾನು ಬಾಗಿಲು ಹಾಕಿಕೊಂಡು ಕೂತಿದ್ದಾಗ ಪಡಸಾಲೆಯಲ್ಲಿ ಅಮ್ಮನ ಕಿವಿಯ ಹತ್ತಿರ ಬಗ್ಗಿ, ನನಗೆ ಕೇಳಿಸಲೇಬಾರದಷ್ಟು ಮೆಲ್ಲಗೆ, "ಅತ್ತೀ, ಇವತ್ತ ಮಿರ್ಚಿ ಭಜಿ ಮಾಡೋದು ಬ್ಯಾಡ ಬಿಡ್ರಿ" ಎಂದಳು.

"ಯಾಕ ಬ್ಯಾಡ?" ಎಂದು ನಾನು ಒಳಗಿನಿಂದ ಕೇಳಿದೆ.